ಹಫ್ರ್ ಅಲ್ ಬಾತಿನ್‌ನ ಅಂಗಡಿಯಲ್ಲಿ ಹುತಾತ್ಮರ ಪಾಠ

ಮಂಗಳೂರು

ಗಲ್ಫಿಗೆ ಹೊರಟವರ ಸೂಟ್‌ಕೇಸಿನಲ್ಲಿ ಅವರ ಸ್ವಂತ ಬಟ್ಟೆಗೆ ಜಾಗ ಇರುವುದಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ. ನನಗೆ ಮಾತ್ರ ಅದು ಐವತ್ತೆರಡನೆಯ ವಯಸ್ಸಿನಲ್ಲಿ ಗೊತ್ತಾಯಿತು. ಸೌದಿ ಅರೇಬಿಯಾದ ಹಫ್ರ್ ಅಲ್ ಬಾತಿನ್ ಎಂಬ ಊರಿನ ಆಸ್ಪತ್ರೆಯಲ್ಲಿ ನನ್ನ ತಂಗಿ ಸುಜಾತಾ ನರ್ಸು. ಹದಿನಾಲ್ಕು ವರ್ಷದಿಂದ ಬಾ ಬಾ ಎಂದು ಕರೆಯುತ್ತಿದ್ದಳು. ಈ ಜೂನಿನಲ್ಲಿ ಹತ್ತು ದಿನ ರಜೆ ಹಾಕಿದೆ. ಸುದ್ದಿ ಹೊರಬಿದ್ದದ್ದೇ ತಡ, ಎದುರು ಮನೆಯಿಂದ ಹಲಸಿನ ಹಪ್ಪಳ, ಹಿಂದಿನ ಮನೆಯಿಂದ ಮಿಡಿ ಉಪ್ಪಿನಕಾಯಿ, ಪರಿಚಯವೇ ಇಲ್ಲದ ಒಬ್ಬರಿಂದ ಮೂರು ಬಗೆಯ ಕಷಾಯದ ಪುಡಿ ಬಂದವು. ನನ್ನ ನಾಲ್ಕು ಚೂಡಿದಾರಗಳು ಎರಡಕ್ಕೆ ಇಳಿದವು.

ಹೊರಡುವ ಹಿಂದಿನ ದಿನ ರಿಫಾನಾ ಬಂದಳು. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುವವಳು, ಅವಳು ನನ್ನ ಎಂ.ಎ. ವಿದ್ಯಾರ್ಥಿನಿ. ಅವಳ ಕೈಯಲ್ಲಿ ಒಣ ಸಿಗಡಿ ಚಟ್ನಿಯ ಡಬ್ಬ.

"ಟೀಚರ್, ಇದು ಪಪ್ಪನಿಗೆ. ಹಫ್ರಲ್ಲೇ ಅವರ ಅಂಗಡಿ ಉಂಟು. ಎರಡು ವರ್ಷ ಆಯ್ತು ಅವರು ಊರಿಗೆ ಬರದೆ," ಎಂದಳು. ಬಾಗಿಲ ತನಕ ಹೋದವಳು ಮತ್ತೆ ತಿರುಗಿ, "ಮತ್ತೆ, ನಾನು ನಿಮ್ಮ ಪೇಪರ್ ಬಿಡ್ತೇನೆ ಟೀಚರ್. ಬದಲಾಯಿಸ್ಲಿಕ್ಕೆ ಬರುವ ಶುಕ್ರವಾರ ಸಂಜೆ ಐದರ ತನಕ ಟೈಮ್ ಉಂಟು. ನಿಮಗೆ ಹೇಳದೆ ಬಿಡುದು ಸರಿ ಅಲ್ಲ ಅಂತ ಬಂದೆ," ಎಂದಳು.

"ಯಾಕೆ ಮಾರಾಯ್ತಿ?"

"ಹಾಗೇ ಟೀಚರ್."

ಆ ಐಚ್ಛಿಕ ಪೇಪರಿನ ಬಗ್ಗೆ ಸ್ವಲ್ಪ ಹೇಳಬೇಕು. ಸಿಖ್ಖರ ಇತಿಹಾಸದಲ್ಲಿ ಹುತಾತ್ಮರು, ಅವರನ್ನು ನೆನೆಯುವ ಬಗೆ. ಅದೇ ವಿಷಯ. ಕಡಲ ತಡಿಯ ಊರಿನಲ್ಲಿ ಕುಳಿತು ಪಂಜಾಬಿನ ಸಾವುಗಳ ಪಾಠ ಯಾಕೆ ಎಂದು ನಮ್ಮ ವಿಭಾಗದವರೆಲ್ಲ ಕೇಳಿದ್ದರು. ಸಿಖ್ಖರ ಖಾಲ್ಸಾ ಪಂಥ ಸೇರಿದ ಮೊದಲ ಐವರಲ್ಲಿ ಒಬ್ಬ ನಮ್ಮ ಬೀದರಿನ ಕ್ಷೌರಿಕ, ಯುದ್ಧದಲ್ಲಿ ಪ್ರಾಣ ಕೊಟ್ಟವನು ಎಂದು ಹೇಳಿ ಎಲ್ಲರ ಬಾಯಿ ಮುಚ್ಚಿಸಿದ್ದೆ. ಜಗಳ ಮಾಡಿ ತಂದ ಪೇಪರು. ನಡೆಯಬೇಕಾದರೆ ಕನಿಷ್ಠ ಹತ್ತು ಮಂದಿ ಬೇಕು. ಇದ್ದದ್ದು ಸರಿಯಾಗಿ ಹತ್ತು. ರಿಫಾನಾ ಹೋದರೆ ಉಳಿದ ಒಂಬತ್ತು ಮಂದಿಯನ್ನು ಪ್ರವಾಸೋದ್ಯಮ ನಿರ್ವಹಣೆಯ ಪೇಪರಿಗೆ ಅಟ್ಟುತ್ತಾರೆ.

ಅವಳು ಹೋದ ಮೇಲೆ ತರಗತಿಯ ಇನ್ನೊಬ್ಬಳಿಗೆ ಫೋನು ಮಾಡಿದೆ. ಸ್ವಲ್ಪ ತಡವರಿಸಿ ಹೇಳಿದಳು. ಹಿಂದಿನ ವಾರ ನಾನು ಸಿಖ್ಖರ ಐದನೆಯ ಗುರು ಅರ್ಜನರ ಪಾಠ ಮಾಡಿದ್ದೆ. ಲಾಹೋರು, ಜ್ಯೇಷ್ಠದ ಬಿಸಿಲು, ಕೂರಿಸಿದ ಕಾದ ಕಬ್ಬಿಣದ ಹಂಚು, ತಲೆಯ ಮೇಲೆ ಸುರಿದ ಕಾದ ಮರಳು, ಇದಕ್ಕೆಲ್ಲ ಕಾರಣವಾದ ಮೊಗಲ್ ಬಾದಶಹನ ಆಜ್ಞೆ. ಒಳ್ಳೆಯ ಪಾಠ ಮಾಡಿದೆ ಎಂದು ಮನೆಗೆ ಬಂದು ಎರಡು ಕಪ್ ಚಹಾ ಕುಡಿದಿದ್ದೆ. ಆದರೆ ಬಾದಶಹನ ಹೆಸರು ಹೇಳಿದಾಗ ಹಿಂದಿನ ಬೆಂಚಿನ ಇಬ್ಬರು ರಿಫಾನಾಳ ಮುಖ ನೋಡಿದರಂತೆ.

"ನಿಮಗೆ ಗೊತ್ತಾಗ್ಲಿಲ್ಲ ಟೀಚರ್. ನೀವು ಬೋರ್ಡಿನ ಕಡೆ ತಿರುಗಿದ್ರಿ," ಎಂದಳು ಆ ಹುಡುಗಿ.

ನಿಜ ಹೇಳಿಬಿಡುತ್ತೇನೆ. ಆ ಹೊತ್ತಿಗೆ ನನ್ನ ಚಿಂತೆ ರಿಫಾನಾಳದ್ದಾಗಿರಲಿಲ್ಲ, ಪೇಪರಿನದ್ದಾಗಿತ್ತು. ವಿಮಾನದಲ್ಲಿ ಅದು ನೆನಪಾಗಿ ನನ್ನ ಮೇಲೆ ನನಗೇ ನಾಚಿಕೆಯಾಯಿತು.

ದಮ್ಮಾಮ್

ಕಸ್ಟಮ್ಸಿನ ತರುಣ ಅಧಿಕಾರಿ ಬಹಳ ಮರ್ಯಾದಸ್ಥ. ಕಷಾಯದ ಪುಡಿಗಳನ್ನು ಒಂದೊಂದಾಗಿ ಮೂಸಿ ಬದಿಗಿಟ್ಟ. ಸಿಗಡಿ ಚಟ್ನಿಯ ಡಬ್ಬ ಎತ್ತಿದಾಗ ನಾನು "ಬೇಡ, ಬೇಡ" ಎಂದೆ. ಬೇಡ ಎಂದರೆ ಯಾವ ಅಧಿಕಾರಿ ಬಿಡುತ್ತಾನೆ? ಮುಚ್ಚಳ ತೆರೆದು ಮೂಗನ್ನು ಹತ್ತಿರ ತಂದ. ನಮ್ಮ ಒಣ ಮೆಣಸಿನ ಘಾಟು ಹೊಡೆಯಿತು ನೋಡಿ, ಆರು ಸಲ ಸೀನಿದ. ಪಕ್ಕದ ಕೌಂಟರಿನವನು ಅವನಿಗೆ ನೀರು ತಂದುಕೊಟ್ಟ. ಕಣ್ಣೊರೆಸಿಕೊಂಡು, ನಗುತ್ತಾ, ಎರಡೂ ಕೈಯಲ್ಲಿ ಡಬ್ಬ ಹಿಡಿದು ನನಗೆ ವಾಪಸು ಕೊಟ್ಟ.

ಅಲ್ಲಿಂದ ಹಫ್ರಿಗೆ ಬಸ್ಸು. ಹೊರಗೆ ಬೆಂಕಿ, ಒಳಗೆ ಹಿಮಾಲಯ. ಮರುಭೂಮಿಯ ನಡುವೆ ನಾನು ಕೈಚೀಲದಿಂದ ಶಾಲು ತೆಗೆದು ಹೊದ್ದುಕೊಂಡು ಕುಳಿತೆ. ಅರ್ಧ ದಿನದ ದಾರಿಯಲ್ಲಿ ಯಾವ ಕಂಡಕ್ಟರೂ "ರೈಟ್ ಪೋಯಿ" ಎಂದು ಬಸ್ಸು ಹೊರಡಿಸಲಿಲ್ಲ, ಬಾಗಿಲಿಗೆ ಬಡಿಯಲಿಲ್ಲ, ಯಾರೂ ಸೀಟು ನನ್ನದು ಎಂದು ಜಗಳಕ್ಕೆ ಬರಲಿಲ್ಲ. ನಮ್ಮೂರಿನ ಬಸ್ಸಿನಲ್ಲಿ ಕೂತರೆ ಊರು ಬರುವ ಮೊದಲೇ ಪಕ್ಕದವರ ಮಗಳ ಮದುವೆಯ ವಿಷಯ ತಿಳಿದಿರುತ್ತದೆ. ಇಲ್ಲಿ ಪಕ್ಕದಾಕೆ ಒಂದೂ ಮಾತಾಡದೆ ಮೂರು ಖರ್ಜೂರ ಕೊಟ್ಟು ಮಲಗಿಬಿಟ್ಟಳು. ಮೂರನ್ನೂ ತಿಂದು ನಾನೂ ಮಲಗಿದೆ.

ಹಫ್ರ್, ಸೋಮವಾರ

ಬೆಳಿಗ್ಗೆ ತಂಗಿಯ ಜೊತೆ ನಡೆಯಲು ಹೋದಾಗ ಒಂದು ಮನೆಯ ಕಾಂಪೌಂಡಿನ ಹೊರಗೆ ಫ್ರಿಜ್ಜು ಕಂಡಿತು. ಮುಂದಿನ ಬೀದಿಯಲ್ಲಿ ಇನ್ನೊಂದು.

"ಇವರೆಲ್ಲ ಫ್ರಿಜ್ಜನ್ನು ಹೊರಗೆ ಯಾಕೆ ಇಟ್ಟದ್ದು?"

"ಫ್ರಿಜ್ಜಲ್ಲ ಅಕ್ಕ, ತಣ್ಣೀರಿನ ಕೂಲರ್. ದಾರಿಲಿ ಹೋಗುವವರಿಗೆ. ತೀರಿಹೋದ ಅಪ್ಪ ಅಮ್ಮನ ಹೆಸರಲ್ಲಿ ಇಡಿಸ್ತಾರೆ," ಎಂದು ಸುಜಾತಾ ನಲ್ಲಿ ತಿರುಗಿಸಿ ಲೋಟ ತುಂಬಿ ಕೊಟ್ಟಳು. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ನಮ್ಮ ಅರವಟ್ಟಿಗೆಯೇ ಇದು, ಕರೆಂಟು ಒಂದು ಹೆಚ್ಚು. ಬೆಲ್ಲದ ತುಂಡೂ ಇಟ್ಟಿದ್ದರೆ ಮನೆಗೇ ಬಂದಂತಾಗುತ್ತಿತ್ತು.

ಅಂದು ನಾನು ಆನ್‌ಲೈನ್ ತರಗತಿ ಮಾಡಬೇಕಿತ್ತು. ಹಿಂದಿನ ವಾರದ ಎಡವಟ್ಟನ್ನು ಸರಿಪಡಿಸಬೇಕೆಂದು ವಿಮಾನದಲ್ಲೇ ಟಿಪ್ಪಣಿ ಬರೆದುಕೊಂಡಿದ್ದೆ. ಊರಿನ ಹನ್ನೊಂದು ಗಂಟೆಗೆ ಇಲ್ಲಿನ ಸಮಯ ಲೆಕ್ಕ ಹಾಕಿ, ತಲೆ ಬಾಚಿ, ಫೋನಿನ ಮುಂದೆ ಕುಳಿತೆ. ಒಬ್ಬರೂ ಇಲ್ಲ. ಎರಡೂವರೆ ಗಂಟೆ ಕಳೆಯುವ ಬದಲು ಕೂಡಿಸಿದ್ದೆ. ಊರಿನಲ್ಲಿ ಆಗಲೇ ಸಂಜೆ ನಾಲ್ಕು. ಐದು ಗಂಟೆ ತಡವಾಗಿ ಬಂದ ವಿದ್ಯಾರ್ಥಿಯನ್ನು ನಾನು ಜನ್ಮದಲ್ಲಿ ಒಳಗೆ ಬಿಟ್ಟವಳಲ್ಲ. ತಂಗಿ ಸೋಫಾದ ಮೇಲೆ ಬಿದ್ದು ನಕ್ಕಳು. ಕ್ಷಮೆ ಕೇಳಿ ಮಕ್ಕಳಿಗೆ ಸಂದೇಶ ಹಾಕಿದೆ: ಶುಕ್ರವಾರ ನಿಮ್ಮ ಮಧ್ಯಾಹ್ನ ಮೂರೂವರೆಗೆ ತರಗತಿ. ಐದಕ್ಕೆ ಪೇಪರು ಬದಲಾಯಿಸುವ ಕಿಟಕಿ ಮುಚ್ಚುತ್ತದೆ. ನನಗೆ ಉಳಿದದ್ದು ಆ ಒಂದೂವರೆ ಗಂಟೆ.

ಬುಧವಾರ

ರಿಫಾನಾಳ ತಂದೆ ಇಸ್ಮಾಯಿಲರ ದಿನಸಿ ಅಂಗಡಿ ಊರಂಚಿನಲ್ಲಿ, ಲಾರಿಗಳು ನಿಲ್ಲುವ ಬಯಲಿನ ಎದುರಿಗೆ. ಇಲ್ಲಿ ಇಂಥ ಅಂಗಡಿಗೆ ಬಕಾಲಾ ಎನ್ನುತ್ತಾರೆ. ಕುಚ್ಚಲಕ್ಕಿಯಿಂದ ಹಿಡಿದು ಒಂಟೆಗೆ ಕಟ್ಟುವ ಹಗ್ಗದವರೆಗೆ ಎಲ್ಲ ಇತ್ತು. ಡಬ್ಬ ಕೈಗೆ ಸಿಕ್ಕಿದ್ದೇ ಅವರು ಮುಚ್ಚಳ ತೆರೆದು, ಕಣ್ಣು ಮುಚ್ಚಿ ಮೂಸಿದರು. ಸೀನಲಿಲ್ಲ.

"ಕುಳಿತ್ಕೊಳ್ಳಿ ಟೀಚರೇ. ಎಂತ ಕುಡಿತೀರಿ? ನಿಮ್ಮ ಪೇಪರ್ ಇಲ್ವಾ, ಅದು ತಕೋ ಅಂತ ಮಗಳಿಗೆ ಹೇಳಿದ್ದೇ ನಾನು ಮಾರಾಯ್ರೆ!"

"ನೀವಾ?"

"ಹೌದು. ನಮ್ಮ ಗುರ್ಮೀತ್ ಇದ್ದಾನಲ್ಲ, ಟ್ರೈಲರ್ ಲಾರಿಯ ಡ್ರೈವರ್, ಸಿಖ್ಖ. ದಮ್ಮಾಮಿಂದ ನನಗೆ ಸಾಮಾನು ತರುದು ಅವನೇ. ಹತ್ತೊಂಬತ್ತು ವರ್ಷದ ದೋಸ್ತಿ. ನನ್ನ ಇಕಾಮಾ, ಇಲ್ಲಿ ಇರ್ಲಿಕ್ಕೆ ಬೇಕಾದ ಪರ್ಮಿಟ್, ಅದ್ರಲ್ಲಿ ತೊಂದರೆ ಆಗಿ ನಾನು ಹೊರಗೆ ಹೋಗ್ಲಿಕ್ಕಾಗದೆ ಕೂತಾಗ ಮೂರು ತಿಂಗಳು ನನ್ನ ಕೆಲಸ ಎಲ್ಲ ಅವನೇ ಓಡಿ ಮಾಡಿದ್ದು. ಅವನ ಜನರ ಕತೆ ಏನು ಅಂತ ನನಗೆ ಓದ್ಲಿಕ್ಕೆ ಆಗ್ಲಿಲ್ಲ. ಮಗಳಾದ್ರೂ ಓದ್ಲಿ ಅಂತ. ಹೇಗೆ ಓದ್ತಾಳೆ?"

"ತುಂಬಾ ಚೆನ್ನಾಗಿ ಓದುತ್ತಾಳೆ," ಎಂದೆ. ಅದು ಸುಳ್ಳಲ್ಲ. ಹೇಳಬೇಕಾದದ್ದನ್ನು ಹೇಳಲಿಲ್ಲ, ಅಷ್ಟೇ. ಅವರು ಕೊಟ್ಟ ಕಿತ್ತಳೆ ಜ್ಯೂಸನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಗುರುವಾರ

ಸಂಜೆ ಗುರ್ಮೀತ್ ಸಿಂಗರ ಟ್ರೈಲರು ಬಂತು. ಆರಡಿ ಆಳು, ನೀಲಿ ಪೇಟ, ಬಿಳಿಗಡ್ಡ. ಇಳಿಯುತ್ತಲೇ ಇಸ್ಮಾಯಿಲರಿಗೆ, "ಎಂತ ಮಾರಾಯಾ, ಹಾಲು ಉಂಟಾ?" ಎಂದರು. ನಾನು ಬೆಚ್ಚಿಬಿದ್ದೆ. ಅವರ ಕನ್ನಡ ಅಲ್ಲಿಗೆ ಮುಗಿಯಿತು. ಮುಂದಿನದೆಲ್ಲ ಹಿಂದಿ, ಅದಕ್ಕೆ ಪಂಜಾಬಿನ ಒಗ್ಗರಣೆ.

ನಾಳೆ ಅವರ ಶರಬತ್ತಿನ ದಿನ. ಗುರು ಅರ್ಜನರು ಪ್ರಾಣ ಕೊಟ್ಟದ್ದರ ನೆನಪಿಗೆ ಸಿಖ್ಖರು ಬಿಸಿಲಿನಲ್ಲಿ ನಿಂತು ಹೋಗುಬರುವವರಿಗೆಲ್ಲ ತಣ್ಣನೆಯ ಗುಲಾಬಿ ಹಾಲು ಕೊಡುತ್ತಾರೆ. ಛಬೀಲ್ ಎಂದು ಕರೆಯುತ್ತಾರೆ. ನನ್ನ ಟಿಪ್ಪಣಿಯಲ್ಲಿ ಇದಕ್ಕೆ ಒಂದೂವರೆ ಸಾಲು ಇದೆ, ಕೊನೆಯ ಪುಟದಲ್ಲಿ, ಸಮಯವಿದ್ದರೆ ಹೇಳಬೇಕಾದದ್ದು. ಸಮಯ ಎಂದೂ ಇರುತ್ತಿರಲಿಲ್ಲ.

"ಆದರೆ ನಾಳೆ ಆ ತಾರೀಕು ಅಲ್ಲವಲ್ಲ," ಎಂದೆ. ಮೇಷ್ಟ್ರುಗಿರಿ ಎಲ್ಲಿ ಹೋದರೂ ಬಿಡುವುದಿಲ್ಲ.

"ಮೇಡಂ ಜೀ, ನನ್ನ ಗಾಡಿ ಹಫ್ರಿನಲ್ಲಿ ನಿಲ್ಲುವ ಶುಕ್ರವಾರವೇ ನನ್ನ ತಾರೀಕು," ಎಂದು ನಕ್ಕರು. ಮೊದಲ ವರ್ಷ ಒಂದು ಬಾಟಲಿ ಶರಬತ್ತು ಹಿಡಿದು ಯಾರಿಗೆ ಹೇಗೆ ಕೊಡುವುದೆಂದು ತಿಳಿಯದೆ ಅಂಗಡಿಯೆದುರು ನಿಂತಿದ್ದರಂತೆ. ಒಳಗಿಂದ ಇಸ್ಮಾಯಿಲ್ ದೊಡ್ಡ ತಪಲೆ ತಂದಿಟ್ಟು, ಇಲ್ಲೇ ಕೊಡು, ಅಂಗಡಿಯೆದುರು ತಂಪು ಕೊಟ್ಟರೆ ಯಾರು ಏನು ಕೇಳುತ್ತಾರೆ ಎಂದರಂತೆ. ಅಂದಿನಿಂದ ಹಾಲು ಇಸ್ಮಾಯಿಲರದು, ಗುಲಾಬಿ ಗುರ್ಮೀತರದು.

ನಾನು ಹೇಗೆ ಪಾಠ ಮಾಡುತ್ತೇನೆಂದು ಕೇಳಬೇಕೆನಿಸಿತು ಗುರ್ಮೀತರಿಗೆ. ನನಗೂ ಸ್ವಲ್ಪ ಜಂಬ. ಅಕ್ಕಿ ಮೂಟೆಗಳ ಮಧ್ಯೆ ನಿಂತು ಹಿಂದಿಯಲ್ಲಿ ಆರಂಭಿಸಿದೆ. ಆಜ್ಞೆ, ಬಂಧನ, ಹಂಚು, ಮರಳು, ಕೊನೆಗೆ ಅವರು ಇಳಿದ ನದಿ. ಗುರ್ಮೀತ್ ತಲೆ ತಗ್ಗಿಸಿ ಕೇಳಿದರು. ಮುಗಿಸಿದೆ.

"ಆಮೇಲೆ?" ಎಂದರು.

"ಆಮೇಲೆ ಏನು? ಅಷ್ಟೇ. ಪ್ರಾಣ ಹೋಯಿತು."

"ಅಷ್ಟಕ್ಕೇ ಮಕ್ಕಳನ್ನು ಮನೆಗೆ ಕಳಿಸುತ್ತೀರಾ?" ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ, ನಿಜವಾದ ಆಶ್ಚರ್ಯ. "ನಮ್ಮ ಅಜ್ಜಿ ಶರಬತ್ತಿನಿಂದ ಶುರು ಮಾಡುತ್ತಿದ್ದಳು. ಬಸ್ಸಿನ ಹಿಂದೆ ಓಡಿ ಕಿಟಕಿಯಲ್ಲಿ ಲೋಟ ಕೊಡಬೇಕು, ಅದು ನಮ್ಮ ಕೆಲಸ. ಯಾಕೆ ಅಂತ ನಾವು ಕೇಳಿದ ಮೇಲೆ ಕತೆ. ಅಷ್ಟು ಕಷ್ಟವನ್ನೂ ಅವರು ಸಿಹಿ ಅಂತಲೇ ತಗೊಂಡರು, ಅದಕ್ಕೆ ನಾವು ಸಿಹಿ ಕೊಡೋದು ಅಂತ. ಅವರನ್ನು ಕೊಂದದ್ದು ಯಾರು ಅನ್ನೋದು ನನಗೆ ಗೊತ್ತಾದದ್ದು ಶಾಲೆಗೆ ಹೋದ ಮೇಲೆ."

ಅವರು ಹಾಲಿನ ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದರು. ನಾನು ಮೂಟೆಯ ಮೇಲೆ ಕುಳಿತುಬಿಟ್ಟೆ. ಕೊಂದವನ ಹೆಸರಿನಲ್ಲಿ ಪಾಠ ನಿಲ್ಲಿಸಿದವಳು ನಾನೇ. ಆ ಹೆಸರು ಕೋಣೆಯಲ್ಲಿ ಹಾಗೇ ಉಳಿದು ರಿಫಾನಾಳ ಮೇಲೆ ಹೋಗಿ ಕೂತಿತ್ತು. ಅಳು ಬಂತು, ಅತ್ತುಬಿಟ್ಟೆ. ಇಸ್ಮಾಯಿಲರು ಗಾಬರಿಯಾಗಿ ಓಡಿ ಬಂದಾಗ ಎಲ್ಲವನ್ನೂ ಹೇಳಿದೆ.

ಅವರು ಬಿಸ್ಕತ್ತಿನ ಪೊಟ್ಟಣಗಳನ್ನು ಒಂದೊಂದಾಗಿ ಸರಿ ಮಾಡಿದರು.

"ನಿನ್ನೆಯೇ ಹೇಳಬೇಕಿತ್ತು ಟೀಚರೇ," ಎಂದರು ಕೊನೆಗೆ. ನೋವಾಗಿತ್ತು ಅವರಿಗೆ.

"ಈಗ ಫೋನ್ ಮಾಡಿ ಅವಳಿಗೆ ಹೇಳುತ್ತೀರಾ?"

"ಇಲ್ಲ. ನಾನು ಹೇಳಿದ್ರೆ ಪಪ್ಪನ ಮಾತಿಗೆ ಉಳಿದ ಹಾಗೆ ಆಯ್ತು. ಅವಳಿಗೇ ಅನ್ನಿಸ್ಬೇಕು. ಆದ್ರೆ ಒಂದು ಮಾಡುವ. ನಿಮ್ಮ ಕ್ಲಾಸ್ ನಾಳೆ ಇಲ್ಲೇ ಮಾಡಿ, ಅಂಗಡಿಲಿ. ಪಪ್ಪನ ಮುಖ ಕಾಣ್ತದೆ ಅಂತ ಅಷ್ಟೇ ಮೆಸೇಜ್ ಹಾಕ್ತೇನೆ."

ಶುಕ್ರವಾರ

ಜುಮ್ಮಾ ನಮಾಜು ಮುಗಿಸಿ ಜನ ಮಸೀದಿಯಿಂದ ಹೊರಬರುವಾಗ ನೆರಳೇ ಇರಲಿಲ್ಲ. ನೆಲದ ಕಾವು ಚಪ್ಪಲಿಯೊಳಗಿಂದ ಏರುತ್ತಿತ್ತು. ಲಾಹೋರಿನ ಜ್ಯೇಷ್ಠ ಎಂದು ಇಷ್ಟು ವರ್ಷ ಫ್ಯಾನಿನ ಕೆಳಗೆ ನಿಂತು ಹೇಳಿದ್ದೆ.

ಒಂದು ಗಂಟೆಗೆ ಫೋನನ್ನು ತಕ್ಕಡಿಯ ಮೇಲೆ ಚಹಾಪುಡಿ ಡಬ್ಬಕ್ಕೆ ಆನಿಸಿ ಇಟ್ಟೆ. ನಾನು ಅಕ್ಕಿ ಮೂಟೆಯ ಮೇಲೆ. ಊರಿನಲ್ಲಿ ಮೂರೂವರೆ. ಒಂಬತ್ತು ಹೆಸರು ಬಂದವು. ಹತ್ತನೆಯದು ಬರಲಿಲ್ಲ.

"ಹೋದ ವಾರ ನಾನು ಬೋರ್ಡಿಗೆ ಮುಖ ಮಾಡಿ ಪಾಠ ಮಾಡಿದೆ. ಅದು ತಪ್ಪು. ಪಾಠ ಮುಗಿಸಿದ ಜಾಗವೂ ತಪ್ಪು," ಎಂದೆ. ಯಾರಿಗೆ ಹೇಳಬೇಕಿತ್ತೋ ಅವಳೇ ಇಲ್ಲ. ಫೋನನ್ನು ಬಾಗಿಲ ಕಡೆ ತಿರುಗಿಸಿದೆ.

ಅಂಗಡಿಯೆದುರು ತಪಲೆಯಲ್ಲಿ ಗುಲಾಬಿ ಬಣ್ಣದ ಹಾಲು, ಮೇಲೆ ಮಂಜುಗಡ್ಡೆ. ಗುರ್ಮೀತ್ ಸೌಟು ಹಿಡಿದಿದ್ದರು. ಇಸ್ಮಾಯಿಲರು ಲೋಟ ಹಂಚುತ್ತಿದ್ದರು, ಅವರ ಬಿಳಿ ನಿಲುವಂಗಿಯ ಎದೆಯೆಲ್ಲ ಗುಲಾಬಿ ಕಲೆ. ಯೆಮೆನಿನ ಹಮಾಲಿಗಳು, ಬಂಗಾಳಿ ಪೇಂಟರುಗಳು, ಕಾರು ನಿಲ್ಲಿಸಿ ಕಿಟಕಿಯಿಂದ ಕೈಚಾಚಿದ ಒಬ್ಬ ಸೌದಿ ಅಜ್ಜ. "ಯಲ್ಲಾ, ಯಲ್ಲಾ, ಬೇಗ ಬನ್ನಿ, ಬಿಸಿಯಾಗ್ತದೆ!" ಎಂದು ಇಸ್ಮಾಯಿಲರು ಕೂಗುತ್ತಿದ್ದರು.

ಪರದೆಯ ಮೇಲೆ ರಿಫಾನಾಳ ಹೆಸರು ಬಂತು. ಮುಖವಿಲ್ಲ, ಬರೀ ಹೆಸರು. ಇಸ್ಮಾಯಿಲರು ಎಲ್ಲಿಂದಲೋ ಅದನ್ನು ಕಂಡು ಓಡಿ ಬಂದು ಇಡೀ ಪರದೆಗೆ ತಮ್ಮ ಮುಖ ತುಂಬಿಸಿ, "ಕಾಣ್ತದಾ? ಸಪೂರ ಆಗಿದ್ದೇನಾ?" ಎಂದು ಕೇಳಿದರು. ಮಕ್ಕಳೆಲ್ಲ ನಕ್ಕರು. ರಿಫಾನಾ ಕ್ಯಾಮೆರಾ ತೆರೆಯಲಿಲ್ಲ.

ಹಿಂದಿನ ಬೆಂಚಿನ ಇಬ್ಬರಲ್ಲಿ ಒಬ್ಬನಾದ ಚೇತನ್ ಕೈ ಎತ್ತಿದ. "ಟೀಚರ್, ಅಷ್ಟೆಲ್ಲ ಆಗಿಯೂ ಅವರಿಗೆ ಸಿಟ್ಟು ಬರುದಿಲ್ವಾ? ಎಲ್ಲರಿಗೂ ಕೊಡ್ತಾರಲ್ಲ."

ಪ್ರಶ್ನೆಯನ್ನು ಗುರ್ಮೀತರಿಗೆ ಹಿಂದಿಯಲ್ಲಿ ಹೇಳಿದೆ. ಅವರು ಪೇಟ ಸರಿಮಾಡಿಕೊಂಡು ಫೋನಿನ ಹತ್ತಿರ ಬಗ್ಗಿದರು. "ಬರುತ್ತೆ ಬೇಟಾ. ಸಿಟ್ಟೇ ಬಾರದಿದ್ದರೆ ಇಷ್ಟು ಸಕ್ಕರೆ ಯಾಕೆ ಬೇಕಾಗಿತ್ತು?"

ಅಷ್ಟರಲ್ಲಿ ಸಾಲಿನಲ್ಲಿದ್ದ ಒಬ್ಬ ಮುದುಕ ಚಾಲಕ ಲೋಟ ಹಿಡಿದು ನೆಲದ ಮೇಲೆ ಕುಳಿತು, ನಿಧಾನವಾಗಿ ಮೂರು ಗುಟುಕಿನಲ್ಲಿ ಕುಡಿದ. ಎದ್ದು ಗುರ್ಮೀತರ ಪೇಟವನ್ನೂ ತಪಲೆಯನ್ನೂ ನೋಡಿ, ಇವತ್ತಾ ಆ ದಿನ ಎಂದು ಕೇಳಿದ. ಲಾಹೋರಿನವನಂತೆ. ಕೋಟೆಯ ಪಕ್ಕ, ಗುರು ಅರ್ಜನರು ಪ್ರಾಣ ಬಿಟ್ಟ ಜಾಗದ ಗುರುದ್ವಾರ ಅವನ ಮನೆಯಿಂದ ನಡೆದು ಹೋಗುವಷ್ಟು ದೂರ. ನೀವು ಆಗಲಿಂದ ನಿಂತಿದ್ದೀರಿ ಸರ್ದಾರ್ ಜೀ, ಸ್ವಲ್ಪ ಕೂತುಕೊಳ್ಳಿ ಎಂದು ಅವರ ಕೈಯಿಂದ ಸೌಟು ತೆಗೆದುಕೊಂಡ. ಗುರ್ಮೀತ್ ನನ್ನ ಪಕ್ಕದ ಮೂಟೆಯ ಮೇಲೆ ಬಂದು ಕುಳಿತರು.

ನಾನು ತರಗತಿಗೆ ಏನೂ ವಿವರಿಸಲಿಲ್ಲ. ವಿವರಿಸದೆ ಇರುವುದು ನನಗೆ ಎಷ್ಟು ಕಷ್ಟವೆಂದು ನನ್ನ ವಿದ್ಯಾರ್ಥಿಗಳಿಗೆ ಗೊತ್ತು. ಅಂಗಡಿಯ ಗಡಿಯಾರದಲ್ಲಿ ಎರಡು ಇಪ್ಪತ್ತು. ಊರಿನಲ್ಲಿ ಐದಕ್ಕೆ ಹತ್ತು ನಿಮಿಷ.

"ಟೀಚರ್, ಒಂದು ಡೌಟ್." ರಿಫಾನಾಳ ಮುಖ ಪರದೆಯಲ್ಲಿ ತೆರೆಯಿತು. ಕೈಯಲ್ಲಿ ಕಾಗದಗಳ ಕಟ್ಟು. "ಹೋದ ವಾರ ನೀವು ಬಾದಶಹನ ಆಜ್ಞೆ ಒಂದೇ ಹೇಳಿದ್ರಿ. ಆಗ ಲಾಹೋರಲ್ಲಿದ್ದ ಪಾದ್ರಿಯ ಪತ್ರದಲ್ಲಿ ಬೇರೆ ಉಂಟು, ದಂಡ, ಜಾಮೀನು ಅಂತೆಲ್ಲ. ಸಿಖ್ಖರು ಹೇಳಿಕೊಂಡು ಬಂದದ್ದರಲ್ಲಿ ಒಬ್ಬ ಹಿಂದೂ ದಿವಾನನ ಹಗೆ ಬರ್ತದೆ. ಮೂರೂ ನೀವೇ ಕೊಟ್ಟ ಪಟ್ಟಿಯಲ್ಲಿ ಉಂಟು. ಓದಿ ಅಂದದ್ದೂ ನೀವೇ. ಕ್ಲಾಸಲ್ಲಿ ಮಾತ್ರ ಒಂದೇ ಯಾಕೆ ಹೇಳಿದ್ದು?"

ನನಗೆ ಚುರುಕ್ ಎಂದಿತು. ವಾದ ಮಾಡುವ ಚಾಳಿ ಎದ್ದು ಬಂತು. "ರಿಫಾನಾ, ಬಾದಶಹನೇ ತಾನು ಆಜ್ಞೆ ಕೊಟ್ಟೆ ಎಂದು ಬರೆದುಕೊಂಡಿದ್ದಾನೆ. ಅದನ್ನು ಮುಚ್ಚಿಡಲು ಆಗುವುದಿಲ್ಲ."

"ಮುಚ್ಚಿಡಿ ಅಂತ ನಾನು ಹೇಳ್ಲಿಲ್ಲ ಟೀಚರ್. ಮೂರನ್ನೂ ಹೇಳಿ ಅಂದೆ."

ಚೇತನ್ ಮೆಲ್ಲಗೆ, "ಅದು ಸರಿ ಟೀಚರ್," ಎಂದ.

ನಾನು ಪಾದ್ರಿಯ ಪತ್ರದ ಬಗ್ಗೆ ಹೇಳಲು ಹೊರಟೆ. ರಿಫಾನಾ ಅಡ್ಡ ಬಂದಳು. ಆ ಪತ್ರದ ಭಾಷಾಂತರ ಎಷ್ಟು ನಂಬಬಹುದು ಎಂದಳು. ಇನ್ನೊಬ್ಬಳು ದಿವಾನನ ಕತೆ ಮೊದಲು ಎಲ್ಲಿ ಬರುತ್ತದೆಂದು ಕೇಳಿದಳು. ಹತ್ತು ಮಂದಿಯೂ ಒಟ್ಟಿಗೆ ಮಾತಾಡತೊಡಗಿದರು. ನಾನೂ ಕೂಗಾಡಿದೆ. ತಕ್ಕಡಿಯ ಮೇಲೆ ಮೊಟ್ಟೆ ಇಡಲು ಬಂದ ಗಿರಾಕಿ ಹೆದರಿ ಹಿಂದೆ ಸರಿದ. ಗಡಿಯಾರ ನೋಡಿದಾಗ ಎರಡು ನಲವತ್ತು. ಊರಿನಲ್ಲಿ ಐದು ಗಂಟೆ ದಾಟಿ ಹತ್ತು ನಿಮಿಷವಾಗಿತ್ತು, ಪೇಪರು ಬದಲಾಯಿಸುವ ಕಿಟಕಿ ಮುಚ್ಚಿತ್ತು. ಪರದೆಯ ಮೇಲೆ ಹತ್ತೂ ಹೆಸರು ಇದ್ದವು.

"ಇಷ್ಟು ಗಲಾಟೆಯಲ್ಲಿ ನನಗೆ ಎಂತದೂ ಕೇಳುದಿಲ್ಲ. ಊರಿಗೆ ಬನ್ನಿ ಟೀಚರ್, ಕ್ಲಾಸಲ್ಲೇ ಕೇಳ್ತೇನೆ," ಎಂದು ರಿಫಾನಾ ಹೇಳಿದಳು. "ಪಪ್ಪನಿಗೆ ಹೇಳಿ, ಸಪೂರ ಆಗಿದ್ದಾರೆ."

ಇಸ್ಮಾಯಿಲರು ಕೈಯೊರೆಸುತ್ತ ಒಳಗೆ ಓಡಿ ಬಂದರು. ಮಗಳ ಏರಿದ ದನಿ ಹೊರಗೆ ಕೇಳಿತ್ತು, ಮಾತು ಕೇಳಿರಲಿಲ್ಲ. ಮುಖದ ತುಂಬ ಕಳವಳ.

"ಎಂತ ಟೀಚರೇ, ನಿಮಗೆ ಬೈದಳಾ?"

"ಬೈದಳು," ಎಂದೆ. "ಹತ್ತು ಜನರ ಎದುರು, ಸರಿಯಾಗಿ ಬೈದಳು ಮಾರಾಯ್ರೆ." ಖುಷಿಗೆ ನಾನೇ ಹೊರಗೆ ಹೋಗಿ ಇಬ್ಬರಿಗೂ ಒಂದೊಂದು ಲೋಟ ಶರಬತ್ತು ತಂದೆ.